ಹಳೇ ನೀರಿನ ಪೈಪು ಗೇಟ್ ಹತ್ರ ಮುಚ್ಚಿದ್ರೆ ಸಾಕಾ?

ಪ್ರಶ್ನೆ: ಸರ್ ನಮಸ್ತೆ. ಮೈಸೂರಲ್ಲಿ ನಮ್ಮ ತಂದೆ ಕಟ್ಟಿಸಿದ ಮನೆ. ರಸ್ತೆ ಮೇನ್ ಲೈನಿಂದ ಅರ್ಧ ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಲ್ಲಿ ನೀರು ಬರ್ತಿತ್ತು. ಎರಡು ವರ್ಷದ ಹಿಂದೆ ಸಂಪು ಕಟ್ಸಿದಾಗ ಇನ್ನೊಂದು ಕಡೆಯಿಂದ ಹೊಸ ಕನೆಕ್ಷನ್ ತಗೊಂಡ್ವಿ, ಹಳೇ ಪೈಪನ್ನ ಪ್ಲಂಬರ್ ಒಬ್ರು ಕಾಂಪೌಂಡ್ ಹತ್ರ ಕಟ್ ಮಾಡಿ ಎಂಡ್ ಕ್ಯಾಪ್ ಹಾಕಿ ಹೋದ್ರು. ಈಗ ಬೆಳಿಗ್ಗೆ 5ರಿಂದ 8ರವರೆಗೆ ನೀರು ಬಿಟ್ಟಾಗೆಲ್ಲ ಗೇಟ್ ಮುಂದೆ ನೆಲ ಒದ್ದೆ ಆಗುತ್ತೆ, ನಲ್ಲೀಲಿ ಮೊದಲ ಎರಡು ಬಕೆಟ್ ಮಣ್ಣಿನ ಬಣ್ಣ. ಮೇನಲ್ಲಿ ಪ್ರೆಶರ್ ಇರೋವಾಗ್ಲೇ, ಇಡೀ ಬೀದಿ ನೀರು ನಿಲ್ಲಿಸದೆ, ಈ ಹಳೇ ತುಂಡು ತೆಗೆಯೋಕಾಗುತ್ತಾ? ಪ್ಲಂಬರ್ ಕೇಳಿದ್ರೆ ಮೇನ್ ಹತ್ರ ಮರದ ಗೂಟ ಹೊಡೆದ್ರೆ ಆಯ್ತು ಅಂತಾರೆ.
— ಓದುಗರು, ಮೈಸೂರು

ಉತ್ತರ: ಗೂಟಕ್ಕೆ ಮಾತ್ರ ಒಪ್ಕೋಬೇಡಿ ಮೇಡಂ. ಮರ ನೀರಿಗೆ ಉಬ್ಬಿ ಮೊದಮೊದಲು ಗಟ್ಟಿಯಾಗೇ ಕೂರುತ್ತೆ, ಆಮೇಲೆ ಕೊಳೆಯುತ್ತೆ. ಒಂದ್ಸಲ ನಾನೇ ಗುಂಡಿಗಿಳಿದು ಅಂಥದ್ದೊಂದು ಗೂಟ ಎಳೆದಿದ್ದೆ, ಕೈಗೆ ಬಂದಿದ್ದು ಟೀಯಲ್ಲಿ ನೆನೆದ ರಸ್ಕ್ ಥರ ಮೆತ್ತಗಿನ ನಾರು.

ಕ್ಯಾಪ್ ಹಾಕಿದ್ದು ತಪ್ಪಲ್ಲ, ಹಾಕಿದ ಜಾಗ ತಪ್ಪು. ಮೇನಿಂದ ಕಾಂಪೌಂಡ್‌ವರೆಗಿನ ಪೈಪಿಗೆ ಇವತ್ತಿಗೂ ಪೂರ್ತಿ ಪ್ರೆಶರ್ ಬೀಳ್ತಾನೇ ಇದೆ, ಒಳಗಿನ ನೀರು ಹರಿಯಲ್ಲ, ಕೊಳೀತಾ ನಿಂತಿರುತ್ತೆ, ಜಿಐ ಪೈಪು ಥ್ರೆಡ್ ಹಾಕಿದ ಕಡೆ ತೆಳ್ಳಗಿರೋದ್ರಿಂದ ಸಾಮಾನ್ಯವಾಗಿ ಅಲ್ಲೇ ಮೊದಲು ತುಕ್ಕು ತಿಂದು ತೂತಾಗುತ್ತೆ. ಮೇನಲ್ಲಿ 10 ಮೀಟರ್ ಪ್ರೆಶರ್, ಅಂದ್ರೆ ನೀರನ್ನ 10 ಮೀಟರ್ ಎತ್ತರಕ್ಕೆ ಏರಿಸೋಷ್ಟು ಒತ್ತಡ ಇದ್ರೆ 3 ಮಿಲಿಮೀಟರ್ ತೂತಿಂದ ನಿಮಿಷಕ್ಕೆ ಸುಮಾರು ಮೂರೂವರೆ ಲೀಟರ್, ನಿಮ್ಮ ಮೂರು ಗಂಟೇಲಿ 600 ಲೀಟರ್ ಮೇಲೆ ಮಣ್ಣುಪಾಲು. ನನಗೆ ಅದಕ್ಕಿಂತ ಭಯ ಬೇರೆ. 8 ಗಂಟೆಗೆ ನೀರು ನಿಲ್ಲಿಸಿದ ಮೇಲೆ ಲೈನು ಖಾಲಿಯಾಗ್ತಾ ಒಳಕ್ಕೆ ಎಳೆಯುತ್ತೆ, ಆಗ ಅದೇ ತೂತಿಂದ ಹೊರಗಿನ ಕೊಚ್ಚೆ ಒಳಗೆ ಹೋಗುತ್ತೆ, ಪಕ್ಕದಲ್ಲಿ ಯುಜಿಡಿ (ಒಳಚರಂಡಿ) ಇದ್ರಂತೂ ಕೇಳೋದೇ ಬೇಡ. ನಿಮ್ಮ ಮಣ್ಣಿನ ಬಣ್ಣಕ್ಕೆ ಇದೂ ಕಾರಣ ಇರಬಹುದು. ಸರಿಹೋಗೋ ತನಕ ಕುದಿಸಿಯೇ ಕುಡೀರಿ, ಅಕ್ಕಪಕ್ಕದ ಮನೆಯವರಿಗೂ ಹೇಳಿ.

ತೆಗೆಯೋದು ಮೇನ್ ಹತ್ರಾನೇ ಆಗಬೇಕು, ಆಗುತ್ತೆ ಕೂಡ. ನಿಮ್ಮ ಪೈಪು ಮೇನಿಗೆ ಸೇರೋ ಕಡೆ ಫೆರೂಲ್ ಅಂತ ಇರುತ್ತೆ, ಅಂಗೈಯಲ್ಲಿ ಹಿಡಿಸೋ ಹಿತ್ತಾಳೆ ತುಂಡು. ಕೆಳಗಿನ ಮೂತಿ ಮೇನಿಗೆ, ಪಕ್ಕದ್ದು ನಿಮ್ಮ ಪೈಪಿಗೆ, ತಲೆ ಮೇಲೊಂದು ಟೊಪ್ಪಿ. ಟೊಪ್ಪಿ ಬಿಚ್ಚಿದ್ರೆ ಒಳಗೊಂದು ಸ್ಕ್ರೂ, ಅದನ್ನ ಬಲಕ್ಕೆ ತಿರುಗಿಸ್ತಾ ಹೋದ್ರೆ ನಲ್ಲಿ ಥರಾನೇ ಕೆಳಗಿಳಿದು ನೀರಿನ ದಾರಿ ಮುಚ್ಚುತ್ತೆ. ಮೇನಲ್ಲಿ ನೀರು ಹರೀತಾನೇ ಇರುತ್ತೆ, ನೀರಿನ ಆಫೀಸಿನವರು ಪಕ್ಕದ ನಟ್ ಬಿಚ್ಚಿ ಪೈಪು ತೆಗೆದು ಆ ಮೂತಿಗೆ ಹಿತ್ತಾಳೆ ಕ್ಯಾಪ್ ಹಾಕಿ ಟೊಪ್ಪಿ ಮುಚ್ತಾರೆ, ಅಷ್ಟೇ.

ಆದ್ರೆ ನಿಮ್ಮದು ತಂದೆ ಕಾಲದ ಫೆರೂಲ್, ವಾಷರ್ ಸವೆದಿರುತ್ತೆ ಇಲ್ಲಾ ಸ್ಕ್ರೂ ಜಾಮ್ ಆಗಿರುತ್ತೆ. ಪ್ರೆಶರ್ ಇರೋವಾಗ ಪಾನಾ ಹಾಕಿ ಬಲವಂತ ಮಾಡಿ ಅದು ಬುಡದಲ್ಲೇ ಮುರೀತು ಅಂದ್ರೆ ಅರ್ಧ ಇಂಚಿನ ತೂತಿಂದ ನಿಮಿಷಕ್ಕೆ 90 ಲೀಟರ್ ಹತ್ರ ಚಿಮ್ಮುತ್ತೆ. ಹೇಗೂ ನಿಮ್ಮಲ್ಲಿ 8ರ ಮೇಲೆ ನೀರಿಲ್ವಲ್ಲ, ಆಗ್ಲೇ ಮಾಡ್ಸಿ, ಬೀದಿಗೂ ತೊಂದ್ರೆ ಇಲ್ಲ. ಆಗ ಫೆರೂಲನ್ನೇ ಕಿತ್ತು ಬೀಡು ಪೈಪಾದ್ರೆ ಥ್ರೆಡ್ ಪ್ಲಗ್, ಪಿವಿಸಿ ಆದ್ರೆ ಫೆರೂಲ್ ಕೂರಿಸೋ ಪಟ್ಟಿ, ಅಂದ್ರೆ ಸ್ಯಾಡಲ್ ಬಿಚ್ಚಿ ಸುತ್ತ ರಿಪೇರಿ ಕ್ಲಾಂಪ್ ಹಾಕಬಹುದು. ಗುಂಡಿ ಮೇನಿಗಿಂತ ಒಂದು ಗೇಣು ಕೆಳಗೆ ಅಗೆದು ಕೆಸರು ನೀರು ಪೂರ್ತಿ ಎತ್ತಿ ಹಾಕಿದ ಮೇಲೇ ಬಿಚ್ಚಬೇಕು, ಇಲ್ಲಾಂದ್ರೆ ಅದೇ ಕೆಸರು ಲೈನೊಳಗೆ ಹೋಗುತ್ತೆ. ಇದನ್ನ ತುಂಬಾ ಜನ ಮಾಡಲ್ಲ.

ಮೇನ್ ಮುಟ್ಟೋ ಕೆಲಸ ನೀವಾಗಲಿ ಖಾಸಗಿ ಪ್ಲಂಬರ್ ಆಗಲಿ ಮಾಡೋ ಹಾಗಿಲ್ಲ. ನೀರಿನ ಆಫೀಸಲ್ಲಿ ಹಳೇ ಕನೆಕ್ಷನ್ ನಂಬರ್ ಹಾಕಿ ಫೆರೂಲ್ ಹತ್ರಾನೇ ಕಡಿತ ಮಾಡಿ ಅಂತ ಸ್ಪಷ್ಟವಾಗಿ ಬರೆದು ಅರ್ಜಿ ಕೊಡಿ, ರಸ್ತೆ ಅಗೆಯೋ ಅನುಮತೀನೂ ಅಲ್ಲೇ ವಿಚಾರಿಸಿ. ನಿಮ್ಮ ಬೀದಿ ನೀರಗಂಟೀನ ಮೊದಲೇ ಮಾತಾಡ್ಸಿ, ಯಾವ ವಾಲ್ವು ಎಲ್ಲಿದೆ ಅಂತ ಅವರಿಗೆ ಗೊತ್ತಿರುತ್ತೆ. ಕೆಲಸ ಆದ ದಿನಾನೇ ಗುಂಡಿ ಮುಚ್ಚೋಕೆ ಬಿಡಬೇಡಿ, ಸುತ್ತ ಅಡ್ಡ ಕಟ್ಟಿ ಬಿಟ್ಟಿರಿ, ಮಾರನೇ ದಿನ ನೀರು ಬಿಟ್ಟಾಗ ಕ್ಯಾಪ್ ಕೆಳಗೆ ಬೆರಳಿಟ್ಟು ನೋಡಿ, ಒಣಗಿದ್ರೆ ಮಣ್ಣು ಎಳೆಸಿ.