ಹೋಂಡಾ ಸಿಬಿ350 ಕಂಡ್ರೆ ಬುಲೆಟ್‌ನೋರು ಯಾಕೆ ಹಂಗಾಡ್ತಾರೆ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರ್ ಮಾಡ್ಕೋಬೇಡಿ. ಆಸೆಪಟ್ಟು ಹೋಂಡಾ ಹೈನೆಸ್ ಸಿಬಿ350 ತಗೊಂಡಿದೀರ, ಭಾನುವಾರ ಗುಂಪಲ್ಲಿ ರೈಡ್ ಹೋದ್ರೆ ಬುಲೆಟ್‌ನೋರು "ಡೂಪ್ಲಿಕೇಟ್ ಬುಲೆಟ್ ಬಂತು ನೋಡ್ರೋ" ಅಂತಾರೆ, ತಿಂಡಿಗೆ ನಿಲ್ಸಿದ ಕಡೆ ನಿಮ್ಮದೊಂದು ಬಿಟ್ಟು ಮಿಕ್ಕಿದ್ದನ್ನೆಲ್ಲ ಸಾಲಾಗಿ ನಿಲ್ಸಿ ಫೋಟೋ ತೆಗೀತಾರೆ, ಇವರಿಗೇನು ಕಷ್ಟ, ಮುಂದಿನ ಸಲ ಹೋಗ್ಲಾ ಬೇಡ್ವಾ ಅಂತ ಕೇಳಿದೀರ.

ಕಷ್ಟ ಏನಪ್ಪಾ ಅಂದ್ರೆ ನಿಮ್ಮ ಗಾಡಿ ಅವರ ಗಾಡಿಗೆ ತೀರಾ ಹತ್ರ ಇದೆ. ಅಷ್ಟೇ ಕಣ್ರೀ.

ನಾನು ಓಡಿಸೋದು ಪಲ್ಸರ್ 150. ನಾನೂ ಇಂಥದೇ ಒಂದು ಗುಂಪಿನ ಜೊತೆ ಆಗಾಗ ಹೋಗ್ತೀನಿ, ಮೈಸೂರಿಂದ ಚಿಕ್ಕಮಗಳೂರು, ಸಕಲೇಶಪುರ, ಕೊಡಗು ಕಡೆಗೆ. ಇಲ್ಲೀವರೆಗೂ ಒಬ್ಬನೂ ನನ್ನ ಗಾಡಿನ ಆಡ್ಕೊಂಡಿಲ್ಲ. "ಗಾಡಿ ನೀಟಾಗಿ ಇಟ್ಕೊಂಡಿದೀರ ಸಾರ್" ಅಂತ ಬೆನ್ನು ತಟ್ಟಿ ಮುಂದೆ ಹೋಗ್ತಾರೆ. ಮರ್ಯಾದೆ ಅಂದ್ಕೊಂಡ್ರಾ? ನಾನು ಆ ಆಟದಲ್ಲೇ ಇಲ್ಲ ಅಂತ ಅದರ ಅರ್ಥ. ಸ್ಪ್ಲೆಂಡರ್‌ನಲ್ಲಿ ಹಾಲಿನ ಕ್ಯಾನ್ ಕಟ್ಕೊಂಡು ಹೋಗೋನ ಜೊತೆ ಯಾವ ಬುಲೆಟ್‌ನೋನಾದ್ರೂ ಜಗಳ ಆಡಿದ್ದು ನೋಡಿದೀರಾ? ಆಡಲ್ಲ. ಅವನ ಜಗಳ ಇರೋದು ಜಾವಾದೋನ ಜೊತೆ, ಈಗ ನಿಮ್ಮ ಜೊತೆ. ಬುಲೆಟ್ ಅಂತಾನೇ ಕರೆಯೋ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಅಂದ್ರೆ 349 ಸಿಸಿ, 27 ನ್ಯೂಟನ್ ಮೀಟರ್ ಟಾರ್ಕ್, 195 ಕೆಜಿ. ನಿಮ್ಮದು 348 ಸಿಸಿ, 30 ನ್ಯೂಟನ್ ಮೀಟರ್, 181 ಕೆಜಿ. ಅದೇ ಒಂಟಿ ಸಿಲಿಂಡರ್, ಅದೇ ಥರ ದುಂಡು ಹೆಡ್‌ಲೈಟು, ಸದ್ದು ಕೂಡ ಹೆಚ್ಚುಕಮ್ಮಿ ಅದೇ ಜಾತಿದು, ಅದರ ಮೇಲೆ ಚಕ್ರ ಜಾರದಂಗೆ ತಡೆಯೋ ಟ್ರ್ಯಾಕ್ಷನ್ ಕಂಟ್ರೋಲ್ ಬೇರೆ ಕೊಟ್ಟಿದಾರೆ. ಪಲ್ಸರ್‌ನೋನು ಪಕ್ಕದಲ್ಲಿ ಬಂದು ನಿಂತ್ರೆ ಬುಲೆಟ್‌ನೋನಿಗೆ ಏನೂ ಅನ್ಸಲ್ಲ, ನೀವು ಬಂದು ನಿಂತ್ರೆ "ನಾನ್ಯಾಕೆ ಇದನ್ನೇ ತಗೊಂಡೆ" ಅನ್ನೋ ಪ್ರಶ್ನೆ ಏಳುತ್ತೆ, ಅದಕ್ಕೆ ಅವನು ನಿಮಗೆ ಡೂಪ್ಲಿಕೇಟ್ ಅಂತ ಹೆಸರಿಟ್ಟು ಆರಾಮಾಗ್ತಾನೆ.

ಡೂಪ್ಲಿಕೇಟ್ ಮಾತು ಬಂತಲ್ಲ, ಇದನ್ನ ಹೇಳ್ದೆ ಇರಕ್ಕಾಗಲ್ಲ. ಬುಲೆಟ್ ನಮ್ಮಲ್ಲಿ ಹುಟ್ಟಿದ್ದಲ್ಲ, ಇಂಗ್ಲೆಂಡಿನ ರೆಡಿಚ್ ಅನ್ನೋ ಊರಿಂದ ಬಂದಿದ್ದು, 1955ರಲ್ಲಿ ಮದ್ರಾಸಲ್ಲಿ ಜೋಡ್ಸಕ್ಕೆ ಶುರು ಮಾಡಿದ್ರು, ಆಮೇಲೆ ಪೂರ್ತಿ ಇಲ್ಲೇ ತಯಾರಾಯ್ತು. ನಿಮ್ಮ ಗಾಡಿ ಮೇಲಿರೋ ಸಿಬಿ ಅನ್ನೋ ಎರಡಕ್ಷರಕ್ಕೂ ಕಮ್ಮಿ ವಯಸ್ಸೇನಲ್ಲ, 1959ರಿಂದ ಹೋಂಡಾ ಅದನ್ನ ಇಟ್ಕೊಂಡಿದೆ. 1969ರಲ್ಲಿ ನಾಲ್ಕು ಸಿಲಿಂಡರ್ ಸಿಬಿ750 ಬಿಟ್ರಲ್ಲ, ಬ್ರಿಟಿಷ್ ಬೈಕ್ ಕಂಪನಿಗಳ ಸೊಂಟ ಮುರಿದ ಗಾಡಿಗಳಲ್ಲಿ ಅದೂ ಒಂದು. ಇದನ್ನೆಲ್ಲ ಅವರ ಮುಂದೆ ಹೇಳಕ್ಕೆ ಹೋಗ್ಬೇಡಿ ಮತ್ತೆ, ತಿಂಡಿ ತಣ್ಣಗಾಗುತ್ತೆ.

ನಮ್ಮ ಮನೇಲೇ ಈ ಜಗಳ ನೋಡ್ಕೊಂಡು ಬೆಳೆದೋನು ನಾನು. ಅಪ್ಪಂದು ಯೆಜ್ಡಿ, ಸೋದರಮಾವಂದು ಬುಲೆಟ್. ಮೈಸೂರಲ್ಲಿ ಯೆಜ್ಡಿ ಅಂದ್ರೆ ಬರೀ ಗಾಡಿ ಅಲ್ಲ, ಯಾದವಗಿರಿಲಿ ಐಡಿಯಲ್ ಜಾವಾ ಫ್ಯಾಕ್ಟರಿ ಇತ್ತು, ಇರಾನಿ ಮನೆತನದೋರು ಮಾಡಿದ್ದು, 1961ರಿಂದ ಜೆಕೊಸ್ಲೊವಾಕಿಯಾದ ಜಾವಾನ ಇಲ್ಲಿ ಮಾಡಿದ್ರು, 1973ರಿಂದ ಯೆಜ್ಡಿ ಅಂತ ಹೆಸರಾಯ್ತು, 1996ರಲ್ಲಿ ಬಾಗಿಲು ಹಾಕ್ತು. ಹಳೇ ಮೈಸೂರಿನ ಬೀದಿಗಳಲ್ಲಿ ಯಾರದಾದ್ರೂ ಚಿಕ್ಕಪ್ಪನೋ ದೊಡ್ಡಪ್ಪನೋ ಅಲ್ಲಿ ಕೆಲಸಕ್ಕಿದ್ದೇ ಇರ್ತಿದ್ರು, ಹಂಗಾಗಿ ಇಲ್ಲಿ ಬುಲೆಟ್ ತಗೊಂಡೋನು ಮದ್ರಾಸಿನ ಕಡೆಯೋನಾದ ಅಂತಾನೇ ಲೆಕ್ಕ.

ಆ ಕಾಲದ ಜಗಳಕ್ಕೆ ಒಂದು ಗಟ್ಟಿ ಕಾರಣ ಇತ್ತು ಅನ್ನೋದನ್ನ ಒಪ್ಕೋಬೇಕು. ಒಂದರಲ್ಲಿ ಪಳಗಿದ ಕಾಲು ಇನ್ನೊಂದಕ್ಕೆ ಆಗ್ತಿರ್ಲಿಲ್ಲ. ಹಳೇ ಬುಲೆಟ್‌ಗೆ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಯೆಜ್ಡಿಗೆ ಉಲ್ಟಾ. ನಮ್ಮ ಮಾವ ಒಂದ್ಸಲ ಅಪ್ಪನ ಗಾಡಿ ತಗೊಂಡು ಹೋಗಿ ಎದುರಿಗೆ ಎಮ್ಮೆ ಬಂದಾಗ ಬ್ರೇಕ್ ಅಂತ ಎಡಗಾಲು ಒತ್ತಿದ್ರಂತೆ, ಗೇರ್ ಬಿತ್ತಂತೆ, ಎಮ್ಮೆ ದೊಡ್ಡ ಮನಸ್ಸು ಮಾಡಿ ಪಕ್ಕಕ್ಕೆ ಸರೀತಂತೆ. ಸ್ಟಾರ್ಟ್ ಮಾಡೋದೂ ಬೇರೆ ಬೇರೆ ವಿದ್ಯೆ. ಯೆಜ್ಡಿಗೆ ಗೇರ್ ಲಿವರೇ ಕಿಕ್ಕರ್, ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿ ಒಂದು ಒದೆ ಕೊಟ್ರೆ ಎರಡು ಸೈಲೆನ್ಸರ್‌ನಿಂದಲೂ ನೀಲಿ ಹೊಗೆ ಬಿಟ್ಕೊಂಡು ಎದ್ದೇಳ್ತಿತ್ತು, ಪೆಟ್ರೋಲ್‌ಗೆ ಆಯಿಲ್ ಬೆರೆಸಿ ಹಾಕ್ಬೇಕಿತ್ತು. ಬುಲೆಟ್‌ಗೆ ಹಂಗಲ್ಲ, ಕಿಕ್ಕರನ್ನ ನಿಧಾನಕ್ಕೆ ಒತ್ತುತ್ತಾ ಹೆಡ್‌ಲೈಟ್ ಮೇಲೆ ಕರೆಂಟ್ ತೋರ್ಸೋ ಆಮೀಟರ್ ಮುಳ್ಳು ನೋಡ್ಬೇಕು, ಮುಳ್ಳು ನಡುವಿಗೆ ಬಂದಾಗ ಸಿಲಿಂಡರ್ ಒಳಗಿನ ಒತ್ತಡ ಬಿಡೋ ಡಿಕಂಪ್ರೆಷನ್ ಲಿವರ್ ಹಿಡಿದು ಕಿಕ್ಕರ್‌ನ ಇನ್ನೊಂಚೂರು ಇಳಿಸ್ಬೇಕು, ಲಿವರ್ ಬಿಡ್ಬೇಕು, ಕಿಕ್ಕರ್ ಮೇಲಕ್ಕೆ ಬರಕ್ಕೆ ಬಿಟ್ಟು ಆಮೇಲೆ ಮೈಭಾರ ಎಲ್ಲ ಹಾಕಿ ಒಂದೇ ಒದೆ. ತಪ್ಪಿದ್ರೆ ಕಿಕ್ಕರ್ ವಾಪಸ್ ಬಂದು ಮೊಣಕಾಲಿನ ಕೆಳಗೆ ಬಾರಿಸ್ತಿತ್ತು. ಇಷ್ಟೆಲ್ಲ ಕಲ್ತೋನಿಗೆ ಒಂಚೂರು ಜಂಬ ಇದ್ರೆ ಇರ್ಲಿ ಬಿಡಿ, ಸಂಪಾದಿಸಿದ ಜಂಬ ಅದು. ಮೆಕ್ಯಾನಿಕ್‌ಗಳೂ ಹಂಗೇ ಪಾಲಾಗಿದ್ರು, ಬುಲೆಟ್ ಮೇಸ್ತ್ರಿ ಯೆಜ್ಡಿ ಮುಟ್ತಿರ್ಲಿಲ್ಲ.

ಈಗ ಏನಿದೆ ಹೇಳಿ? ಎಲ್ಲಾದಕ್ಕೂ ಎಡಗಾಲಲ್ಲಿ ಗೇರು, ಬಲಗೈ ಹೆಬ್ಬೆರಳಲ್ಲಿ ಬಟನ್ನು. ಕಲಿಯಕ್ಕೆ ಏನೂ ಉಳಿದಿಲ್ಲ, ಜಂಬ ಮಾತ್ರ ಉಳ್ಕೊಂಡಿದೆ.

ಮತ್ತೆ ಈ ಜಂಬ ಬೇರೆ ಬ್ರ್ಯಾಂಡ್ ಮೇಲೆ ಮಾತ್ರ ಅಂದ್ಕೋಬೇಡಿ, ಒಳಗೊಳಗೇ ಇನ್ನೂ ಜೋರು. ನಿಮ್ಮನ್ನ ಡೂಪ್ಲಿಕೇಟ್ ಅಂದೋನ ಹತ್ರ ಯಾವ ವರ್ಷದ ಬುಲೆಟ್ ಇದೆ ಕೇಳಿ. 2009ರ ಆಮೇಲಿನ ಕ್ಲಾಸಿಕ್ ಆಗಿದ್ರೆ, ಹಳೇ ಕಾಸ್ಟ್ ಐರನ್ ಇಂಜಿನ್ ಬುಲೆಟ್ ಇಟ್ಕೊಂಡಿರೋ ಒಬ್ಬ ಹಿರಿಯರ ಪಕ್ಕ ಅವನನ್ನ ನಿಲ್ಸಿ. ಅವರ ಲೆಕ್ಕದಲ್ಲಿ ಅವನದ್ದೇ ಡೂಪ್ಲಿಕೇಟು. "ಡಗ್ ಡಗ್ ಸೌಂಡ್ ಎಲ್ಲಿದೆಯಪ್ಪ ಇದರಲ್ಲಿ, ಹೊಲಿಗೆ ಮಿಷನ್ ಥರ ಇದೆ" ಅಂತಾರೆ. ಆಯಿಲ್ ಲೀಕ್ ನಿಂತ್ರೆ ಆಯಿಲ್ ಖಾಲಿಯಾಗಿದೆ ಅಂತ ಅರ್ಥ ಅನ್ನೋ ಹಳೇ ಜೋಕು ಇದೆಯಲ್ಲ, ಅದನ್ನ ಅವರು ಬಿರುದಿನ ಥರ ಹೇಳ್ಕೋತಾರೆ. ಆ 2009ರ ಆಮೇಲಿನ ಯುಸಿಇ (ಇಂಜಿನ್ನೂ ಗೇರ್‌ಬಾಕ್ಸೂ ಒಂದೇ ಕೇಸಲ್ಲಿರೋ) ಇಂಜಿನ್‌ನೋನು ಹೋಗಿ 2021ರಲ್ಲಿ ಬಂದ ಹೊಸ ಜೆ ಸೀರೀಸ್ ಇಂಜಿನ್ ಕ್ಲಾಸಿಕ್‌ನೋನಿಗೆ "ನಿಂದು ತುಂಬಾ ಸ್ಮೂತ್ ಆಯ್ತು ಗುರು, ಬುಲೆಟ್ ಅನ್ಸಲ್ಲ" ಅಂತಾನೆ. ಅಲುಗಾಡದೆ ಇರೋದೂ ಒಂದು ದೋಷ ಅಂತ ಎಣಿಸೋ ಜನ ಇವರು!

ಯಮಹಾ ಆರ್‌ಎಕ್ಸ್ 100 ಕಡೆಗೆ ಬನ್ನಿ. 1985ರಲ್ಲಿ ಬಂದು 1996ರಲ್ಲಿ ನಿಂತೋಯ್ತು, 98 ಸಿಸಿ, 11 ಹಾರ್ಸ್‌ಪವರ್. ಇವತ್ತು ಚೆನ್ನಾಗಿ ರೆಡಿ ಮಾಡಿದ ಗಾಡಿಗೆ ಲಕ್ಷದ ಮೇಲೆ ಹೇಳ್ತಾರೆ. ಇಬ್ಬರು ಆರ್‌ಎಕ್ಸ್‌ನೋರು ಸೇರಿದ್ರೆ ಮೊದಲು ಏನು ಮಾಡ್ತಾರೆ ಗೊತ್ತಾ, ಬಗ್ಗಿ ಇಂಜಿನ್ ಕೇಸ್ ನೋಡ್ತಾರೆ, ಮೇಡ್ ಇನ್ ಜಪಾನ್ ಅಂತ ಅಚ್ಚು ಇದೆಯಾ ಅಂತ. ಶುರುವಿನ ಗಾಡಿಗಳು ಜಪಾನಿಂದ ಬಂದ ಬಿಡಿಭಾಗ ಜೋಡ್ಸಿ ಮಾಡಿದ್ದು, ಅದಿದ್ರೆ ಒಂದು ಪಂಕ್ತಿ, ಇಲ್ದಿದ್ರೆ ಇನ್ನೊಂದು ಪಂಕ್ತಿ. ಆರ್‌ಎಕ್ಸ್ 135 ತಂದೋನು ಬಾಗಿಲ ಹತ್ರ.

ಜಾವಾದೋರೂ ಏನು ಕಮ್ಮಿ ಇಲ್ಲ. ಪ್ರತಿ ಜುಲೈ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನ ಅಂತ ಮಾಡ್ತಾರಲ್ಲ, ಅಲ್ಲಿಗೆ 2018ರ ಆಮೇಲಿನ ಹೊಸ ಜಾವಾದೋರು ಬಂದ್ರೆ ಹಳಬರ ಮುಖ ನೋಡ್ಬೇಕು. ನೋಡಕ್ಕೆ ಅದೇ ಟ್ಯಾಂಕು, ಅದೇ ಎರಡು ಸೈಲೆನ್ಸರ್, ಆದ್ರೆ ಫೋರ್ ಸ್ಟ್ರೋಕು, ಶುರುವಲ್ಲಿ 293 ಸಿಸಿ, ಮಹೀಂದ್ರಾ ಮೋಜೋದ ಇಂಜಿನ್‌ನಿಂದ ಬಂದಿದ್ದು, ತಯಾರಾಗೋದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಮೈಸೂರಿನ ಹಳೇ ಜಾವಾದೋನಿಗೆ ಇದನ್ನ ಅರಗಿಸ್ಕೊಳ್ಳೋದು ಸ್ವಲ್ಪ ಕಷ್ಟಾನೇ, ನಮ್ಮಪ್ಪ ಈಗ್ಲೂ ಅದನ್ನ ಜಾವಾ ಅನ್ನಲ್ಲ, "ಆ ಮಹೀಂದ್ರಾ" ಅಂತಾರೆ.

ಕಂಪನಿಗಳೂ ಈ ಬೆಂಕಿಗೆ ತುಪ್ಪ ಸುರಿದಿದಾವೆ. 2017ರಲ್ಲಿ ಬಜಾಜ್‌ನೋರು ಡಾಮಿನಾರ್ 400ಗೆ ಒಂದು ಜಾಹೀರಾತು ಸರಣಿ ಬಿಟ್ರು, "ಹಾಥಿ ಮತ್ ಪಾಲೋ" ಅಂತ, ಅಂದ್ರೆ ಆನೆ ಸಾಕ್ಬೇಡಿ. ಒಂದಷ್ಟು ಜನ ಆನೆ ಮೇಲೆ ಕೂತ್ಕೊಂಡು ಹೆಲ್ಮೆಟ್ ಹಾಕ್ಕೊಂಡು ಗುಂಪಲ್ಲಿ ಹೋಗ್ತಿರ್ತಾರೆ, ಆನೆ ಬೆಟ್ಟ ಹತ್ತಲ್ಲ, ಬ್ರೇಕ್ ಹಿಡಿದ್ರೆ ನಿಲ್ಲಲ್ಲ, ಡಾಮಿನಾರ್‌ನೋನು ಪಕ್ಕದಲ್ಲೇ ಜುಂ ಅಂತ ಹೋಗ್ತಾನೆ. ಬುಲೆಟ್ ಹೆಸರು ಹೇಳ್ಲಿಲ್ಲ, ಹೇಳೋದೇನೂ ಬೇಕಿರ್ಲಿಲ್ಲ. ಕಾಗದದ ಮೇಲೆ ನೋಡಿದ್ರೆ ಬಜಾಜ್‌ನೋರ ಮಾತು ಸುಳ್ಳಲ್ಲ, ಡಾಮಿನಾರ್ ವೇಗಾನೂ ಜಾಸ್ತಿ, ಬ್ರೇಕೂ ಚೆನ್ನಾಗಿತ್ತು. ಬುಲೆಟ್‌ನೋರು ಯೂಟ್ಯೂಬಲ್ಲಿ ವಿಡಿಯೋ ಮೇಲೆ ವಿಡಿಯೋ ಹಾಕಿ ಉತ್ತರ ಕೊಟ್ರು. ಕೊನೆಗೆ ಡಾಮಿನಾರ್ ಮಾರಾಟದಲ್ಲಿ ಕ್ಲಾಸಿಕ್ ಹತ್ರಕ್ಕೂ ಸುಳೀಲಿಲ್ಲ, ಯಾಕಂದ್ರೆ ಆನೆ ಸಾಕೋನು ಅದು ಜೋರಾಗಿ ಓಡುತ್ತೆ ಅಂತ ಸಾಕಿರಲ್ಲ. ತಮಾಷೆ ಏನಂದ್ರೆ 2023ರಲ್ಲಿ ಅದೇ ಬಜಾಜ್ ಟ್ರಯಂಫ್ ಜೊತೆ ಸೇರ್ಕೊಂಡು ಸ್ಪೀಡ್ 400 ತಂದ್ರು, ದುಂಡು ಹೆಡ್‌ಲೈಟು, ಹಳೇ ಬ್ರಿಟಿಷ್ ಹೆಸರು.

ಇದರಲ್ಲಿ ಇನ್ನೊಂದು ಮಜಾ ಇದೆ. ಟ್ರಯಂಫ್ 400 ಇಟ್ಕೊಂಡೋನು ಪಲ್ಸರ್‌ನೋನ ಕಡೆ ನೋಡಲ್ಲ, ಆದ್ರೆ ಅವನ ಗಾಡಿನೂ ಬಜಾಜ್‌ನೋರೇ ಮಾಡೋದು, ಕೆಟಿಎಂ ಡ್ಯೂಕ್‌ನೂ ಅವರೇ. ಹಾರ್ಲೆ ಎಕ್ಸ್440 ಹೀರೋ ಕಾರ್ಖಾನೆಯಿಂದ ಬರುತ್ತೆ, ಅಂದ್ರೆ ಸ್ಪ್ಲೆಂಡರ್ ಮನೆಯಿಂದ. ಬಿಎಂಡಬ್ಲ್ಯು ಜಿ310 ನಮ್ಮ ಪಕ್ಕದ ಹೊಸೂರಲ್ಲಿ ಟಿವಿಎಸ್‌ನೋರು ಮಾಡಿದ್ದು, ಅದೇ ಇಂಜಿನ್ ಅಪಾಚೆ ಆರ್‌ಆರ್310ಲೂ ಇದೆ. ಬಿಎಂಡಬ್ಲ್ಯು ಬ್ಯಾಡ್ಜ್ ಹಾಕ್ಕೊಂಡೋನಿಗೆ ಇದನ್ನ ನೆನಪಿಸಿದ್ರೆ "ಕ್ವಾಲಿಟಿ ಕಂಟ್ರೋಲ್ ಬೇರೆ ಸಾರ್" ಅಂತಾನೆ. ಸ್ವಲ್ಪ ನಿಜಾನೂ ಇರಬಹುದು, ಆದ್ರೆ ಹೇಳೋ ದನಿ ಕೇಳ್ಬೇಕು ನೀವು.

ಇನ್ನು ಸಿಸಿ ವಿಚಾರ. ರೈಡಲ್ಲಿ ಹೊಸಬ ಬಂದ್ರೆ ಮೊದಲ ಪ್ರಶ್ನೆನೇ "ಎಷ್ಟು ಸಿಸಿ ಬ್ರೋ". ನಮ್ಮ ಕಡೆ ಮದುವೆ ಮನೇಲಿ ಪಕ್ಕದ ಎಲೆಯೋರು ಸಾರು ಕಲಸ್ತಾ "ನೀವು ಯಾವ ಪೈಕಿ" ಅಂತ ಕೇಳ್ತಾರಲ್ಲ, ಥೇಟ್ ಅದೇ. ಉತ್ತರ ಕೇಳಿದ್ಮೇಲೆ ಮಾತಿನ ವರಸೆನೇ ಬದಲಾಗುತ್ತೆ. ದೊಡ್ಡ ಬೈಕಿನೋರದ್ದು ಕೆಲವು ಗುಂಪಲ್ಲಿ 500 ಸಿಸಿ ಕೆಳಗಿದ್ರೆ ಸೇರಿಸಲ್ಲ, ಅಲ್ಲಿಗೆ ನಿಮ್ಮನ್ನ ಆಡ್ಕೊಂಡ ಬುಲೆಟ್‌ನೋನೂ ಹೊರಗೇ ನಿಲ್ಬೇಕು. ಈಗ ಸರ್ಕಾರಾನೂ ಒಂದು ಗೆರೆ ಎಳೆದುಬಿಟ್ಟಿದೆ, 2025ರ ಸೆಪ್ಟೆಂಬರ್‌ನಿಂದ 350 ಸಿಸಿವರೆಗೆ ಜಿಎಸ್‌ಟಿ 18 ಪರ್ಸೆಂಟು, ಮೇಲಿದ್ರೆ 40. ನೀವೂ ಅವನೂ ಗೆರೆಯ ಒಂದೇ ಕಡೆ ಇದೀರ, ಹಿಮಾಲಯನ್ 450 ತಗೊಂಡೋನು ಜಾಸ್ತಿ ತೆರಿಗೆ ಕಟ್ಟಿದೀನಿ ಅಂತ ಅದರಲ್ಲೂ ಹೆಮ್ಮೆ ಪಡ್ತಿದಾನೆ.

ಇವರೆಲ್ಲರಿಗಿಂತ ಜಾಸ್ತಿ ಓಡಿಸೋರು ಯಾರು ಅಂದ್ರೆ ಊಟ ಡೆಲಿವರಿ ಮಾಡೋ ಹುಡುಗರು, ಮಳೆ ಬಿಸಿಲು ನೋಡ್ದೆ, ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ. ಅವರನ್ನ ಯಾವ ಗುಂಪೂ ರೈಡರ್ ಅನ್ನಲ್ಲ. ಇರ್ಲಿ, ಅದು ಬೇರೆ ಕಥೆ.

ಹೋಗ್ಲಾ ಬೇಡ್ವಾ ಅಂತ ಕೇಳಿದ್ರಲ್ಲ. ಬಾಯಿ ನೋಡಿ ಗುಂಪು ಬಿಡ್ಬೇಡಿ, ರೋಡಲ್ಲಿ ಹೆಂಗಿದಾರೆ ನೋಡಿ. ನಮ್ಮ ಗುಂಪು ಒಂದ್ಸಲ ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರ ಇನ್ನೊಂದು ಸ್ವಲ್ಪ ದೂರ ಇದೆ ಅನ್ನೋವಾಗ ಸ್ಪೋಕ್ ವೀಲ್ ಗಾಡಿ ಒಂದಕ್ಕೆ ಹಿಂದಿನ ಟೈರಿಗೆ ಮೊಳೆ ಹೊಕ್ತು. ಟ್ಯೂಬ್ ಟೈರು, ಚಕ್ರ ಬಿಚ್ಚದೆ ಬೇರೆ ದಾರಿನೇ ಇಲ್ಲ, ಮೇಲಿಂದ ಮಂಜು ಇಳೀತಿತ್ತು. ಆ ದಿನ ಟೈರ್ ಲಿವರು, ಬೇರೆ ಟ್ಯೂಬು, ಪಂಪು ಮೂರೂ ಇದ್ದಿದ್ದು ಎಲ್ಲರೂ ಆಡ್ಕೊಳ್ತಿದ್ದ ಒಬ್ಬ ಡ್ಯೂಕ್ ಹುಡುಗನ ಬ್ಯಾಗಲ್ಲಿ, ಅವನ ಗಾಡಿಗೆ ಟ್ಯೂಬೇ ಬೇಡ, ಗುಂಪಲ್ಲಿ ಯಾರಿಗಾದ್ರೂ ಬೇಕಾಗುತ್ತೆ ಅಂತ ಇಟ್ಕೊಂಡಿದ್ದನಂತೆ. ಚಕ್ರ ಬಿಚ್ಚಿ ಹಾಕೋವರೆಗೂ ಒಬ್ಬರೂ ಮುಂದೆ ಹೋಗ್ಲಿಲ್ಲ, ಕೈ ಮಸಿ ಮಾಡ್ಕೊಂಡೇ ಅವನನ್ನ ರೇಗಿಸ್ತಿದ್ರು, ಅವನೂ ವಾಪಸ್ ಕೊಡ್ತಿದ್ದ. ಇಂಥ ಗುಂಪಾದ್ರೆ ಡೂಪ್ಲಿಕೇಟ್ ಅನ್ನಿಸ್ಕೊಂಡು ಕಣ್ಮುಚ್ಕೊಂಡು ಹೋಗಿ. ಅದೇ, ನೀವು ಹಿಂದೆ ಬಿದ್ರೆ ಕಾಯಲ್ಲ, ತಿರುವಲ್ಲಿ ಓವರ್‌ಟೇಕ್ ಮಾಡು ಅಂತ ಹುರಿದುಂಬಿಸ್ತಾರೆ, ಕೊನೆಯ ಗಾಡಿಯಾಗಿ ಬರಕ್ಕೆ ಒಬ್ಬ ಅನುಭವಸ್ಥನನ್ನ ಇಟ್ಟಿಲ್ಲ ಅಂದ್ರೆ ಅವರು ನಿಮ್ಮ ಗಾಡಿನ ಎಷ್ಟೇ ಹೊಗಳಿದ್ರೂ ಬೇಡ.

ಹಾಂ, ಇನ್ನೊಂದು. ಅವರ ಮಾತು ಕೇಳಿ ಸೈಲೆನ್ಸರ್ ಬದಲಾಯಿಸಕ್ಕೆ ಮಾತ್ರ ಹೋಗ್ಬೇಡಿ. ಒಬ್ಬನಲ್ಲ ಒಬ್ಬ "ಸೌಂಡ್ ಸಾಲ್ದು, ನನಗೆ ಗೊತ್ತಿರೋ ಅಂಗಡಿ ಇದೆ" ಅಂತ ಹೇಳೇ ಹೇಳ್ತಾನೆ. ನಮ್ಮ ಪೊಲೀಸ್ರು ಅಂಥ ಸೈಲೆನ್ಸರ್‌ಗಳನ್ನ ಕಿತ್ತು ರಸ್ತೆಲಿ ಸಾಲಾಗಿ ಜೋಡ್ಸಿ ರೋಡ್ ರೋಲರ್ ಹತ್ತಿಸಿದ ಫೋಟೋ ಪೇಪರಲ್ಲಿ ನೋಡಿರ್ತೀರ, ದಂಡ ಬೇರೆ. ಕಂಪನಿ ಸೈಲೆನ್ಸರ್‌ನಲ್ಲೇ ನಿಮ್ಮ ಗಾಡಿ ಸದ್ದು ಚೆನ್ನಾಗಿದೆ ಕಣ್ರೀ, ಬುಲೆಟ್‌ನೋರೇ ಒಬ್ಬೊಬ್ಬರೇ ಸಿಕ್ಕಾಗ ಅದನ್ನ ಒಪ್ಕೋತಾರೆ.