‘ನೀನು ಬಸ್ಸಲ್ಲೇ ಕೂತಿರು’ ಅಂದರೆ ಒಪ್ಪಬೇಕಾ?

ಪ್ರಶ್ನೆ: ನನ್ನ ಮಗಳಿಗೆ ಹನ್ನೊಂದು ವರ್ಷ. ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲಿನ ಚಲನೆ ಕಷ್ಟವಾಗುವ ಸ್ಥಿತಿ) ಇದೆ, ವೀಲ್‌ಚೇರ್ ಬಳಸುತ್ತಾಳೆ. ಅವಳ ಶಾಲೆಯವರು ಆರನೇ ಕ್ಲಾಸಿನ ಮಕ್ಕಳನ್ನು ಮೂರು ದಿನದ ಪರಿಸರ ಶಿಬಿರಕ್ಕೆ ಕರೆದುಕೊಂಡು ಹೋಗುತ್ತಿದ್ದಾರೆ. ಇವಳೊಬ್ಬಳಿಗೆ ಫಾರಂ ಕೊಡಲಿಲ್ಲ. ಕೇಳಿದರೆ ‘ಅವಳ ಸುರಕ್ಷತೆಗೇ ಹೇಳ್ತಿರೋದು, ಮುಂದಿನ ವರ್ಷ ನೋಡೋಣ’ ಅಂದರು. ಜಗಳ ಮಾಡೋಕೆ ಭಯ. ಕಾನೂನಿನಲ್ಲಿ ಏನಾದರೂ ಇದೆಯಾ?
– ಒಬ್ಬ ತಾಯಿ, ಸಾಗರ

ಉತ್ತರ: ಇದೆ. ಗಟ್ಟಿಯಾಗಿಯೇ ಇದೆ.

ನನಗೆ ಎರಡು ವರ್ಷವಿದ್ದಾಗ ಪೋಲಿಯೊ ಬಂತು. ಇವತ್ತಿಗೂ ಬಲಗಾಲಿಗೆ ಕ್ಯಾಲಿಪರ್ (ಕಾಲಿಗೆ ಆಸರೆ ಕೊಡುವ ಪಟ್ಟಿ) ಕಟ್ಟಿಕೊಂಡೇ ಕೋರ್ಟಿಗೆ ಹೋಗುತ್ತೇನೆ. ಏಳನೇ ಕ್ಲಾಸಿನಲ್ಲಿ ಶಾಲೆಯಿಂದ ಜೋಗಕ್ಕೆ ಹೋಗಿದ್ದೆವು. ಎಲ್ಲರೂ ಇಳಿದರು. ನನಗೆ ಮಾತ್ರ ಮೇಷ್ಟ್ರು ‘ನೀನು ಬಸ್ಸಲ್ಲೇ ಕೂತಿರು ಪುಟ್ಟಿ, ಊಟದ ಡಬ್ಬಿ ನೋಡ್ಕೋ’ ಅಂದರು. ಕೆಟ್ಟವರಲ್ಲ ಅವರು. ನಾನು ಬಿದ್ದರೆ ಅನ್ನೋ ಹೆದರಿಕೆ ಅಷ್ಟೆ. ಮೂರು ಗಂಟೆ ನಾನು ನೀರಿನ ಸದ್ದು ಕೇಳುತ್ತಾ ಕೂತಿದ್ದೆ. ವಾಪಸ್ ಬಂದ ಗೆಳತಿಯರ ತಲೆಗೂದಲು ಹನಿಯಿಂದ ಒದ್ದೆಯಾಗಿತ್ತು. ಜಲಪಾತ ಕಾಣುವ ಜಾಗ ಬಸ್ಸಿನಿಂದ ನಾಲ್ಕು ಹೆಜ್ಜೆ ದೂರದಲ್ಲೇ ಇತ್ತು ಅಂತ ಗೊತ್ತಾಗಿದ್ದು ನಾನು ವಕೀಲೆಯಾದ ಮೇಲೆ ಅಲ್ಲಿಗೆ ಹೋದಾಗ. ಅದಕ್ಕೇ ನಿಮ್ಮ ಪತ್ರವನ್ನು ಎರಡು ಸಲ ಓದಿದೆ.

ಈಗ ಕಾನೂನಿಗೆ ಬರೋಣ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರ 29ನೇ ಕಲಂನಲ್ಲಿ ಸ್ಕೌಟ್, ನೃತ್ಯ, ಕಲಾ ತರಗತಿ, ಹೊರಾಂಗಣ ಶಿಬಿರ, ಸಾಹಸ ಚಟುವಟಿಕೆ ಅಂತ ಹೆಸರು ಹಿಡಿದೇ ಬರೆದಿದ್ದಾರೆ. ಇವುಗಳಲ್ಲಿ ವಿಕಲಚೇತನರು ಭಾಗವಹಿಸುವಂತೆ ಅನುಕೂಲ ಮಾಡಿಕೊಡುವುದು ಸರ್ಕಾರದ ಹೊಣೆ. ನಿಮಗೆ ಇನ್ನೂ ಹತ್ತಿರದ್ದು 16ನೇ ಕಲಂ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳಲ್ಲಿ ಪಾಠವಷ್ಟೇ ಅಲ್ಲ, ಆಟ ಮತ್ತು ಮನರಂಜನೆಯಲ್ಲೂ ಈ ಮಕ್ಕಳಿಗೆ ಉಳಿದವರಷ್ಟೇ ಅವಕಾಶ ಸಿಗಬೇಕು ಅನ್ನುತ್ತದೆ ಅದು. ಶಾಲೆಯೇ ನಡೆಸುವ ಶಿಬಿರ ಇದರೊಳಗೇ ಬರುತ್ತದೆ.

‘ಸುರಕ್ಷತೆ’ ಅನ್ನುವ ಮಾತನ್ನು ನಾನು ಹಗುರವಾಗಿ ನೋಡುವುದಿಲ್ಲ. ಸರಿಯಾದ ಉದ್ದೇಶವಿದ್ದು, ಅದಕ್ಕೆ ಎಷ್ಟು ಬೇಕೋ ಅಷ್ಟೇ ಕ್ರಮ ಅಂತ ತೋರಿಸಿದರೆ ಕಾನೂನೂ ಒಪ್ಪುತ್ತದೆ. ಆದರೆ ಅದನ್ನು ತೋರಿಸಬೇಕಾದವರು ಶಾಲೆಯವರು. ಬಂಡೆ ಹತ್ತುವುದು ಅಪಾಯ ಅಂದರೆ ಸರಿ, ಅದೊಂದರ ಬಗ್ಗೆ ಮಾತಾಡೋಣ. ಹಕ್ಕಿ ನೋಡುವುದಕ್ಕೆ, ರಾತ್ರಿ ಬೆಂಕಿ ಸುತ್ತ ಕೂತು ಹಾಡುವುದಕ್ಕೆ ಯಾವ ಅಪಾಯ? ಒಂದು ಚಟುವಟಿಕೆ ಆಗದು ಅಂತ ಮೂರೂ ದಿನ ಮನೆಯಲ್ಲಿರು ಅನ್ನುವುದು ಭೇದಭಾವ. ಮಾಡಬಹುದಾದ ಹೊಂದಾಣಿಕೆಯನ್ನು, ಅಂದರೆ ಆ ವ್ಯಕ್ತಿಯ ಅಗತ್ಯಕ್ಕೆ ತಕ್ಕ ಬದಲಾವಣೆಯನ್ನು, ಮಾಡದೇ ಇರುವುದನ್ನೂ ಈ ಕಾಯ್ದೆ ಭೇದಭಾವ ಅಂತಲೇ ಕರೆಯುತ್ತದೆ.

ಜಗಳ ಬೇಡ, ಪತ್ರ ಬರೆಯಿರಿ. ಮೊದಲು ಮಗಳನ್ನು ಕೂರಿಸಿಕೊಂಡು ಕೇಳಿ, ಅವಳಿಗೆ ಏನು ಮಾಡೋಕೆ ಆಸೆ, ಏನಕ್ಕೆ ಭಯ ಅಂತ. ಒಬ್ಬೊಬ್ಬರ ಅಗತ್ಯ ಬೇರೆ, ಆ ವ್ಯಕ್ತಿಯ ಜೊತೆ ಮಾತಾಡಿಯೇ ಹೊಂದಾಣಿಕೆ ಮಾಡಬೇಕು ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಆಮೇಲೆ ಬರೆಯಿರಿ: ಮೆಟ್ಟಿಲಿಲ್ಲದ ಕೋಣೆ ಬೇಕು, ಬಸ್ಸಿಗೆ ಎತ್ತಿ ಕೂರಿಸೋಕೆ ಇಬ್ಬರು ಬೇಕು, ಬಚ್ಚಲಲ್ಲಿ ಒಬ್ಬ ಹೆಂಗಸು ಜೊತೆಗಿರಬೇಕು, ಊಟ ಅವಳೇ ಮಾಡುತ್ತಾಳೆ, ಸ್ವಲ್ಪ ಹೊತ್ತು ಜಾಸ್ತಿ ಹಿಡಿಯುತ್ತದೆ. ಇಷ್ಟು ವಿವರ ಇದ್ದರೆ ಎಷ್ಟೋ ಮೇಷ್ಟ್ರ ಭಯ ಅಲ್ಲೇ ಕರಗುತ್ತದೆ. ಉತ್ತರ ಬರಹದಲ್ಲಿ ಕೊಡಿ ಅಂತ ಕೊನೆಯಲ್ಲಿ ಸೇರಿಸಿ. ಆಗಲೂ ಒಪ್ಪದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಪ್ರತಿ ಕಳಿಸಿ, ರಾಜ್ಯ ವಿಕಲಚೇತನರ ಆಯುಕ್ತರಿಗೆ ದೂರು ಕೊಡಿ. ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಆಯುಕ್ತರಿಗೆ ಸಿವಿಲ್ ಕೋರ್ಟಿನ ಅಧಿಕಾರವಿದೆ.

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮದೊಂದು ಸಣ್ಣ ಶಿಬಿರ ಇದೆ. ಆರು ಟೆಂಟು, ನಾಲ್ಕು ಕೋಣೆ. ಕಾನೂನು ನಮ್ಮಂಥ ಖಾಸಗಿಯವರಿಗೂ ಅನ್ವಯಿಸುತ್ತದಾ? ವಿಕಲಚೇತನರಿಗೆ ಅನುಕೂಲ ಮಾಡಿಕೊಡುವ ಖರ್ಚು ಎಲ್ಲಿಂದ ತರಲಿ?
– ಓದುಗ, ಸಕಲೇಶಪುರ

ಉತ್ತರ: ಅನ್ವಯಿಸುತ್ತದೆ. ಕಂಪನಿ, ಪಾಲುದಾರಿಕೆ, ಟ್ರಸ್ಟ್, ಸಂಘ ಎಲ್ಲವೂ ಕಾಯ್ದೆಯ ಪ್ರಕಾರ ‘ಖಾಸಗಿ ಸಂಸ್ಥೆ’. ಕಾಯ್ದೆ ಮುರಿದರೆ ಮೊದಲ ಸಲ 10,000 ರೂಪಾಯಿವರೆಗೆ ದಂಡ. ಮತ್ತೆ ಮುರಿದರೆ 50,000ದಿಂದ 5 ಲಕ್ಷದವರೆಗೆ.

‘ನಿಯಮ ಸ್ಪಷ್ಟವಾಗಲಿ, ಆಮೇಲೆ ಮಾಡ್ತೀವಿ’ ಅಂತ ಕೆಲವರು ಹೇಳುತ್ತಾರೆ. ದಯವಿಟ್ಟು ಹಾಗೆ ಕಾಯಬೇಡಿ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕಟ್ಟಡ, ಸಾರಿಗೆಯಂಥವು ವಿಕಲಚೇತನರಿಗೆ ಸುಗಮವಾಗಿರಬೇಕು ಅನ್ನುವ 2017ರ 15ನೇ ನಿಯಮ ಬರೀ ಸಲಹೆಯಂತಿದೆ, ಅದು ಕಾಯ್ದೆಗೇ ವಿರುದ್ಧ ಅಂದಿತು. ಮೂರು ತಿಂಗಳಲ್ಲಿ ಕಡ್ಡಾಯ ನಿಯಮ ಮಾಡಿ ಅಂತ ಕೇಂದ್ರಕ್ಕೆ ಹೇಳಿತು. ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ಗೊತ್ತಾಯಿತಲ್ವಾ?

ಖರ್ಚಿನ ಮಾತು. ಕೈಗೆ ಮೀರಿದ ಹೊರೆ ಹೊರಿ ಅಂತ ಕಾಯ್ದೆ ಹೇಳುವುದಿಲ್ಲ. ನಾಲ್ಕು ಕೋಣೆಯಲ್ಲಿ ಒಂದನ್ನು ಮೊದಲು ಸರಿಮಾಡಿ. ರ‍್ಯಾಂಪಿನ ಲೆಕ್ಕ ಸುಲಭ: ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಅದಕ್ಕಿಂತ ಕಡಿದಾಗಿದ್ದರೆ ಕುರ್ಚಿ ಹಿಂದಕ್ಕೆ ಮಗುಚಬಹುದು. ಬಾಗಿಲು ತೆರೆದಾಗ 90 ಸೆಂಟಿಮೀಟರ್ ಜಾಗ ಸಿಗಬೇಕು. ಬಚ್ಚಲಿನ ಬಾಗಿಲೂ ಅಷ್ಟೇ ಇರಲಿ. ಕೋಣೆಗೆ ಸಲೀಸಾಗಿ ಹೋಗಿ ಬಚ್ಚಲ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡವರ ಕಷ್ಟ ಎಷ್ಟು ಕೇಳಿದ್ದೇನೋ! ಕಮೋಡಿನ ಪಕ್ಕ ಗೋಡೆಗೆ ಗಟ್ಟಿ ಹಿಡಿ ಹಾಕಿಸಿ. ದಾರಿಗೆ ಜಲ್ಲಿ ಸುರಿಯಬೇಡಿ, ಚಕ್ರ ಹೂತುಹೋಗುತ್ತದೆ, ನನ್ನ ಕ್ಯಾಲಿಪರ್ ಕಾಲೂ ಜಾರುತ್ತದೆ. ಗಟ್ಟಿಯಾಗಿ ದಮ್ಮಸ್ಸು ಮಾಡಿದ ಮಣ್ಣು ವಾಸಿ.

ಇನ್ನೊಂದು, ಇದಕ್ಕೆ ಕಾಸೂ ಬೇಡ. ನಿಮ್ಮಲ್ಲಿ ಎಷ್ಟು ಮೆಟ್ಟಿಲಿದೆ, ಬಚ್ಚಲು ಹೇಗಿದೆ ಅಂತ ಫೋಟೊ ಸಮೇತ ಮೊದಲೇ ತಿಳಿಸಿ. ಅಲ್ಲಿಗೆ ಬಂದು ವಾಪಸ್ ಹೋಗುವ ನೋವಾದರೂ ತಪ್ಪುತ್ತದೆ.

ಪ್ರಶ್ನೆ: ನನ್ನ ತಮ್ಮನ ವಿಕಲಚೇತನ ಸರ್ಟಿಫಿಕೇಟಿನಲ್ಲಿ ನ್ಯೂನತೆ ಶೇ 30 ಅಂತಿದೆ. ಶೇ 40 ಇಲ್ಲದಿದ್ದರೆ ಈ ಕಾಯ್ದೆ ಲಾಗೂ ಇಲ್ಲ ಅಂತ ಚಾರಣ ಶಿಬಿರದವರು ಹೇಳುತ್ತಾರೆ. ನಿಜಾನಾ?
– ಓದುಗಿ, ಗದಗ

ಉತ್ತರ: ನಿಜವಲ್ಲ. ಶೇ 40ರ ಲೆಕ್ಕ ಇರುವುದು ಸರ್ಕಾರಿ ಕೆಲಸ, ಉನ್ನತ ಶಿಕ್ಷಣದ ಮೀಸಲಾತಿಯಂಥವಕ್ಕೆ. ಭೇದಭಾವ ಮಾಡಬಾರದು ಅನ್ನುವ 3ನೇ ಕಲಂ ದೀರ್ಘಕಾಲದ ನ್ಯೂನತೆ ಇರುವ ಎಲ್ಲರಿಗೂ ಸೇರಿದ್ದು. ಆ ಕಲಂ ಮುದ್ರಿಸಿಕೊಂಡು ತಮ್ಮನ ಜೊತೆ ಹೋಗಿ. ಮಾತು ಅವನೇ ಆಡಲಿ.