ವಿಂಡೋಸ್ ಜೊತೆಗೇ ಲಿನಕ್ಸ್ ಹಾಕಬೇಕು, ಉಬುಂಟು ಒಳ್ಳೆಯದೋ ಮಿಂಟೋ?

ಉಬುಂಟು, ಮಿಂಟ್ ಎರಡೂ ಲಿನಕ್ಸ್‌ನ ಬಗೆಗಳೇ, ಯಾವುದು ಅನ್ನೋದು ಆಮೇಲಿನ ಮಾತು. ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣು ನಿಂತದ್ದು "ಫೋಟೋಗಳೆಲ್ಲ ಡಿ ಡ್ರೈವ್‌ನಲ್ಲಿವೆ, ಹಾಗಾಗಿ ಭಯವಿಲ್ಲ" ಅನ್ನೋ ಸಾಲಿನ ಮೇಲೆ. ನಾನೂ ಹಾಗೇ ನಂಬಿದ್ದೆ.

ವಿಂಡೋಸ್ ಕೈಕೊಟ್ಟಾಗಲೆಲ್ಲ ಸಿ ಡ್ರೈವ್ ಫಾರ್ಮ್ಯಾಟ್ ಆಗ್ತಿತ್ತು, ಡಿ ಮಾತ್ರ ಅಲುಗಿರಲಿಲ್ಲ. ಅಣ್ಣನ ಮದುವೆ ಫೋಟೋ, ಅಮ್ಮ ಹಾಡಿದ್ದ ವಿಡಿಯೋ ಎಲ್ಲ ಅಲ್ಲೇ. ಉಬುಂಟು ಇನ್‌ಸ್ಟಾಲರ್ "ಡಿಸ್ಕ್ ಅಳಿಸಿ ಉಬುಂಟು ಹಾಕಿ" ಅನ್ನೋ ಆಯ್ಕೆ ತೋರಿಸಿದಾಗ, ಅಳಿಯೋದು ವಿಂಡೋಸ್ ಇರೋ ಸಿ ಅಷ್ಟೇ ಅಂದುಕೊಂಡು ಒತ್ತಿದೆ. ಡಿಯೂ ಹೋಯಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ಸಿ, ಡಿ ಅನ್ನೋ ಅಕ್ಷರಗಳು ವಿಂಡೋಸ್ ಕೊಟ್ಟಿದ್ದು. ಎಷ್ಟೋ ಕಂಪ್ಯೂಟರುಗಳಲ್ಲಿ ಅವೆರಡೂ ಒಂದೇ ಡಿಸ್ಕಿನ ಎರಡು ಪಾರ್ಟಿಷನ್, ಒಂದೇ ಹೊಲದ ನಡುವೆ ಬದು ಹಾಕಿದ ಹಾಗೆ. ಲಿನಕ್ಸ್‌ನಲ್ಲಿ ಆ ಅಕ್ಷರಗಳೇ ಕಾಣೋದಿಲ್ಲ. ಇಡೀ ಡಿಸ್ಕಿಗೆ ಎಸ್‌ಡಿಎ ಅಂತ ಹೆಸರಿದ್ದರೆ ಅದರ ಪಾರ್ಟಿಷನ್‌ಗಳು ಎಸ್‌ಡಿಎ1, ಎಸ್‌ಡಿಎ2. ನಾನು ಒತ್ತಿದ ಆಯ್ಕೆ ಎಸ್‌ಡಿಎ ಪೂರ್ತಿಯ ಪಾರ್ಟಿಷನ್ ಪಟ್ಟಿಯನ್ನೇ ಅಳಿಸಿ ಹೊಸದು ಬರೆಯುತ್ತೆ. ಅಲ್ಲಿಗೇ ನಿಲ್ಲಿಸಿದ್ದರೆ ಟೆಸ್ಟ್‌ಡಿಸ್ಕ್ ಅನ್ನೋ ಉಚಿತ ಸಾಧನದಿಂದ ಡಿ ಮರಳಿ ಸಿಗೋ ಸಾಧ್ಯತೆ ಇತ್ತು. ನಾನು ಇನ್‌ಸ್ಟಾಲ್ ಮುಗಿಯೋವರೆಗೂ ಬಿಟ್ಟೆ, ಹಳೆಯ ಫೈಲುಗಳ ಮೇಲೆ ಹೊಸವು ಕೂತವು. ಆಮೇಲೆ ಅಳಿದ ಫೈಲುಗಳನ್ನು ಹುಡುಕೋ ಫೋಟೋರೆಕ್ ಅನ್ನೋ ಸಾಧನ ಓಡಿಸಿದಾಗ ಒಂದಷ್ಟು ಫೋಟೋ ಬಂದವು, ಆದರೆ ಫೋಲ್ಡರಿಲ್ಲ, ಹೆಸರಿಲ್ಲ, ಎಫ್ ಅಕ್ಷರದ ಮುಂದೆ ಉದ್ದನೆಯ ಅಂಕಿಗಳಷ್ಟೇ. ಅಮ್ಮನ ವಿಡಿಯೋ ಸಿಗಲೇ ಇಲ್ಲ. ನನ್ನದು ಹಳೇ ಹಾರ್ಡ್ ಡಿಸ್ಕ್. ಚಿಪ್‌ಗಳಲ್ಲಿ ಫೈಲು ಇಡೋ ಎಸ್‌ಎಸ್‌ಡಿ ಆಗಿದ್ದರೆ ಬಹುಶಃ ಇಷ್ಟೂ ಸಿಗುತ್ತಿರಲಿಲ್ಲ.

ಆದ್ದರಿಂದ ಒಂದೇ ಡಿಸ್ಕಿನಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇಡೋ ಯೋಚನೆಯನ್ನೇ ಬಿಡಿ ಅಂತೀನಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ನಿಜ, ಆದರೂ ಅವಸರ ಬೇಡ. ನಿಮ್ಮದು ಡೆಸ್ಕ್‌ಟಾಪ್ ಅಂದಿದ್ದೀರಿ. ಬೇರೆ ಎಸ್‌ಎಸ್‌ಡಿ ತಂದು, ಹಳೆಯ ಡಿಸ್ಕಿನ ಕೇಬಲ್ ಕಳಚಿಟ್ಟು, ಹೊಸದರಲ್ಲಿ ಮಾತ್ರ ಲಿನಕ್ಸ್ ಹಾಕಿ. ಕೇಬಲ್ಲೇ ಇಲ್ಲದ ಡಿಸ್ಕನ್ನು ಯಾವ ಇನ್‌ಸ್ಟಾಲರೂ ಅಳಿಸಲಾರದು. ಅದಕ್ಕೂ ಮೊದಲು ಫೋಟೋಗಳನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡಿ, ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ.

ಇಷ್ಟಾದ ಮೇಲೆ ಮಿಂಟ್ ಹಾಕಿ. ಅದರ ಮುಖ್ಯ ಆವೃತ್ತಿ ಉಬುಂಟು ಮೇಲೇ ಕಟ್ಟಿದ್ದು, ವಿಂಡೋಸ್‌ಗೆ ಒಗ್ಗಿದ ಕೈಗೆ ಅದರ ಸಿನ್ನಮನ್ ಡೆಸ್ಕ್‌ಟಾಪ್ ಬೇಗ ಹಿಡಿಯುತ್ತೆ. ರ‍್ಯಾಮ್ 4 ಜಿಬಿಯೇ ಇದ್ದರೆ ಅದರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ತಗೊಳ್ಳಿ. ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ, ವೈಫೈ, ಸೌಂಡ್, ಪ್ರಿಂಟರ್ ಮೂರೂ ಕೆಲಸ ಮಾಡುತ್ತವಾ ನೋಡಿಕೊಳ್ಳಿ.